ಹದಿನಾರನೆಯ ಕ್ಲಿಪ್ಪು

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಒಂದು ನೈಲಾನ್ ಹಗ್ಗ ಬಿಗಿದಿತ್ತು. ವರ್ಷವಿಡೀ ಅದರ ಮೇಲೆ ಊರವರ ಅಂಗಿ, ಕೋಟು, ಪರದೆಗಳು ನೇತಾಡುತ್ತಿದ್ದವು. ವರ್ಷಕ್ಕೊಂದು ಭಾನುವಾರ ಮಾತ್ರ ಅವನ್ನೆಲ್ಲ ಇಳಿಸಿ ಗೂಬೆಗಳನ್ನು ನೇತುಹಾಕುತ್ತಿದ್ದರು.

ಗೂಬೆ ಎಂಬುದು ಒಬ್ಬ ಗೂಢಚಾರನ ಗುಪ್ತನಾಮ. ಸದಾ ರಾತ್ರಿ ಪಾಳಿ ಮಾಡುವವನಾದ್ದರಿಂದ ಅವನ ಇಲಾಖೆ ಆ ಹೆಸರಿಟ್ಟಿತ್ತು. ಅವನ ಮೇಲೆ ಹದಿನಾರು ಸಿನಿಮಾ ಬಂದಿದ್ದವು. ಒಬ್ಬರಾದ ಮೇಲೊಬ್ಬರಂತೆ ನಾಲ್ವರು ನಟರು ಗೂಬೆಯಾಗಿ ನಿವೃತ್ತರಾಗಿದ್ದರು. ಲಾಂಡ್ರಿಯಲ್ಲಿ ಸೇರುತ್ತಿದ್ದ ಅಭಿಮಾನಿಗಳು ಅವರನ್ನು ಮೊದಲನೇ ಗೂಬೆ, ಎರಡನೇ ಗೂಬೆ ಎಂದು ಎಣಿಸಿಯೇ ಕರೆಯುತ್ತಿದ್ದರು. ಹೊರಗೆ ಬಟ್ಟೆ ತೆಗೆದುಕೊಳ್ಳಲು ನಿಂತ ಗಿರಾಕಿಗಳಿಗೆ, ಒಳಗೆ ಯಾರೋ ತಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಬೈಯುತ್ತಿದ್ದಾರೆ ಅನ್ನಿಸುತ್ತಿತ್ತು.

ಅಭಿಮಾನಿಗಳು ನಾಲ್ಕೇ ಜನ. ಲಾಂಡ್ರಿಯ ಒಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹೊಡೆದಾಟ ಮುಗಿದ ಮೇಲೂ ನಾಯಕನ ಅಂಗಿಯ ಇಸ್ತ್ರಿ ಮುರಿಯದಿದ್ದರೆ ಆ ಸಿನಿಮಾ ಆಕೆಯ ಲೆಕ್ಕದಲ್ಲಿ ಅಲ್ಲಿಗೇ ಮುಗಿಯಿತು. ಎರಡನೆಯವರು ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಗೂಬೆ ಯಾವ ದೇಶಕ್ಕೆ ಹೋದರೂ ಅವರು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ, ಸೂರ್ಯ ಯಾವ ಕಡೆ ಮುಳುಗುತ್ತಾನೆ ಎಂದು ಕಾಯುತ್ತಿದ್ದರು. ಮೂರನೆಯವನು ಡ್ರೈವಿಂಗ್ ಶಾಲೆಯ ಕ್ಲಚ್ಚು. ಕಲಿಯುವವರ ಪಕ್ಕ ಕೂತು ಕ್ಲಚ್ಚು, ಕ್ಲಚ್ಚು ಎಂದು ಕೂಗಿ ಕೂಗಿ ಅದೇ ಅವನ ಹೆಸರಾಗಿತ್ತು. ನಾಲ್ಕನೆಯವನು ದವಡೆ.

ದವಡೆಗೆ ದಂತವೈದ್ಯರಿಗಾಗಿ ಹಲ್ಲಿನ ಸೆಟ್ ಮಾಡಿಕೊಡುವ ಕೆಲಸ. ರೋಗಿಗಳ ಮುಖವನ್ನು ಅವನು ನೋಡುತ್ತಿರಲಿಲ್ಲ, ಅವರ ಬಾಯಿಯ ಅಚ್ಚು ಮಾತ್ರ ಡಬ್ಬಿಯಲ್ಲಿ ಬರುತ್ತಿತ್ತು. ದಿನವಿಡೀ ಪ್ಲಾಸ್ಟರಿನ ಬಾಯಿಗಳ ಎದುರು ಕೂತು ಕೂತು, ಯಾವ ದವಡೆಯಿಂದ ಯಾವ ದನಿ ಬರುತ್ತದೆ ಎಂಬುದು ಅವನಿಗೆ ಕರತಲಾಮಲಕವಾಗಿತ್ತು, ಅಥವಾ ಅವನೇ ಹೇಳುವಂತೆ ಕರತಲದಂತಫಲಕವಾಗಿತ್ತು. ನಾಲ್ಕೂ ಗೂಬೆಗಳ ದನಿಯನ್ನು ಅವನು ಇದ್ದ ಹಾಗೇ ಇಳಿಸುತ್ತಿದ್ದ. ಮೂರನೇ ಗೂಬೆಯ ಮೇಲ್ದುಟಿ ಅಲ್ಲಾಡುತ್ತಿರಲಿಲ್ಲ. ಮಾತೆಲ್ಲ ಮೂಗಿನ ಪಕ್ಕದ ಓಣಿಯಿಂದ ಹೊರಬರುತ್ತಿತ್ತು. ಅದನ್ನು ದವಡೆ ಮಾಡಿದರೆ ಮೇಷ್ಟ್ರು ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ಭಾನುವಾರದ ಪದ್ಧತಿ ಹೀಗಿತ್ತು. ಬಟ್ಟೆಗೆ ಪಿನ್ನು ಮಾಡುವ ಹಳದಿ ಚೀಟಿಗಳ ಮೇಲೆ ಹದಿನಾರು ಸಿನಿಮಾಗಳ ಹೆಸರು ಬರೆದು ಹಗ್ಗಕ್ಕೆ ಕ್ಲಿಪ್ಪು ಹಾಕಿರುತ್ತಿದ್ದರು. ಕಿಟಕಿಯ ಕಡೆಯದು ಮೊದಲ ಸ್ಥಾನ, ಬಚ್ಚಲ ಕಡೆಯದು ಕೊನೆ. ಒಬ್ಬೊಬ್ಬರಿಗೆ ವರ್ಷಕ್ಕೆ ಒಂದೇ ಸರದಿ. ಯಾವುದಾದರೂ ಒಂದು ಚೀಟಿ ಹಿಡಿದು, ಅದಕ್ಕಿಂತ ಮೇಲಿನ ಚೀಟಿಯೊಂದಿಗೆ ಕಾದಾಡಿಸಬೇಕು. ವಾದ ಕೇಳಿದ ಉಳಿದ ಮೂವರಲ್ಲಿ ಇಬ್ಬರು ಕೈ ಎತ್ತಿದರೆ ಚೀಟಿಗಳು ಅದಲುಬದಲು. ಮುಂದಿನ ಚೀಟಿಯೊಂದಿಗೆ ಮತ್ತೆ ಕಾದಾಟ. ಸೋತಲ್ಲಿಗೆ ಸರದಿ ಮುಗಿಯಿತು. ಎಲ್ಲರದೂ ಆದ ಮೇಲೆ ಕಿಟಕಿಯ ಬಳಿ ಉಳಿದ ಸಿನಿಮಾವನ್ನು ಗ್ರಂಥಾಲಯದ ಮಹಡಿಯಲ್ಲಿದ್ದ ಚಿತ್ರಸಂಘದ ಸಣ್ಣ ಹಾಲಿನಲ್ಲಿ ಒಂದು ಮಧ್ಯಾಹ್ನ ತೋರಿಸುತ್ತಿದ್ದರು. ನೋಂದಾಯಿತ ಕೂಟಗಳಿಗೆ ಸಂಘ ವರ್ಷಕ್ಕೊಂದು ಮಧ್ಯಾಹ್ನ ಆ ಹಾಲನ್ನು ಬಿಟ್ಟುಕೊಡುತ್ತಿತ್ತು, ಕೇಳಿದ ಸಿನಿಮಾವನ್ನೂ ತರಿಸುತ್ತಿತ್ತು.

ಒಂದು ನಿಯಮ ಮಾತ್ರ ಕಲ್ಲಿನಂತಿತ್ತು: ಮನೆಕಥೆ ಹೇಳಬಾರದು. ಹಿಂದೊಮ್ಮೆ ಕ್ಲಚ್ಚು, ಮಗಳು ಹುಟ್ಟಿದ ದಿನ ಆಸ್ಪತ್ರೆಯ ವರಾಂಡದ ಟೀವಿಯಲ್ಲಿ ಏಳನೇ ಸಿನಿಮಾ ನೋಡಿದ್ದನ್ನು ಹೇಳಿ ಎಲ್ಲರನ್ನೂ ಅಳಿಸಿಬಿಟ್ಟಿದ್ದ. ಏಳನೆಯದು ಒಂದೇ ಏಟಿಗೆ ಕಿಟಕಿಗೆ ಹೋಗಿ ಕೂತಿತು. ಮಗಳು ಶಾಲೆಗೆ ಸೇರಿದರೂ ಸಿನಿಮಾ ಇಳಿಯಲಿಲ್ಲ. ಕೆಳಗಿಳಿಸಿ ಎಂದರೆ ಮಗುವನ್ನು ತೊಡೆಯಿಂದ ಇಳಿಸಿದಂತೆ ಎಲ್ಲರಿಗೂ ಸಂಕಟ. ಕೊನೆಗೆ ಮೇಷ್ಟ್ರು ಕಾನೂನು ಮಾಡಿದರು. ಮನೆಕಥೆಗಾಗಿ ಸಿನಿಮಾ ಎತ್ತಿದ್ದು ಗೊತ್ತಾದರೆ ಅದು ನೇರ ಹದಿನಾರನೆಯ ಕ್ಲಿಪ್ಪಿಗೆ. ಎತ್ತಿದವನಿಗೆ ಮುಂದಿನ ವರ್ಷ ಸರದಿಯಿಲ್ಲ.

ಹದಿನಾರನೆಯ ಕ್ಲಿಪ್ಪಿನಲ್ಲಿ ಬಹುಕಾಲದಿಂದ ಒಂದೇ ಚೀಟಿ ನೇತಾಡುತ್ತಿತ್ತು. ಸರಣಿಯ ಎಂಟನೆಯ ಸಿನಿಮಾ, ‘ಗೂಬೆ ದಾರಿ ತಪ್ಪಿತು’. ಮೂರನೇ ಗೂಬೆಯದು. ಹೆಸರೇ ವಿಮರ್ಶೆಯನ್ನೂ ಬರೆದುಕೊಟ್ಟಿದ್ದರಿಂದ ಬಿಡುಗಡೆಯಾದಾಗ ಪತ್ರಿಕೆಯವರಿಗೆ ಹೆಚ್ಚು ಕೆಲಸವಿರಲಿಲ್ಲ. ಬಚ್ಚಲ ಆವಿಗೆ ಆ ಚೀಟಿಯ ಅಕ್ಷರಗಳು ಕದಡಿಹೋಗಿದ್ದವು. ಅಕ್ಕ ಅದನ್ನು ಹೊಸದಾಗಿ ಬರೆಯುವ ಗೋಜಿಗೂ ಹೋಗಿರಲಿಲ್ಲ.

ದವಡೆಯ ಮನೆಯಲ್ಲಿ ಆ ಸಿನಿಮಾಕ್ಕೆ ಬೇರೆಯೇ ಹೆಸರಿತ್ತು: ಅಮ್ಮನ ಸಿನಿಮಾ.

ಅಮ್ಮ ಮದುವೆಗೆ ಮುಂಚೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಡ್ಯೂಟಿಗೆ ತಡವಾಗಿ ಓಡುತ್ತಿದ್ದರೆ ಮಾರುಕಟ್ಟೆಯ ರಸ್ತೆಗೆ ಅಡ್ಡ ಹಗ್ಗ ಕಟ್ಟಿದ್ದಾರೆ, ಆಚೆ ಶೂಟಿಂಗ್ ನಡೆಯುತ್ತಿದೆ. ಅಮ್ಮ ಹಗ್ಗದ ಕೆಳಗೆ ನುಗ್ಗಿದಳು. ಎದುರಿಂದ ಓಡಿಬಂದ ಮೂರನೇ ಗೂಬೆ ಡಿಕ್ಕಿ ಹೊಡೆದ. ‘ಕಣ್ಣು ಹಣೆ ಮೇಲೆ ಇಟ್ಕೊಂಡಿದ್ದೀಯಾ?’ ಎಂದು ಅಮ್ಮ ಜಾಡಿಸಿದಳು. ನಿರ್ದೇಶಕನಿಗೆ ಅದು ಹಿಡಿಸಿ, ಅದನ್ನೇ ಇಟ್ಟುಕೊಳ್ಳುತ್ತೇವೆ ಎಂದನಂತೆ. ಸಿನಿಮಾ ಊರಿಗೆ ಬಂದಾಗ ಎಕ್ಸ್‌ಚೇಂಜಿನ ಹುಡುಗಿಯರನ್ನೆಲ್ಲ ಕಟ್ಟಿಕೊಂಡು ಹೋದರೆ ಮಾರುಕಟ್ಟೆಯೇ ಇಲ್ಲ, ಅಮ್ಮ ಎಲ್ಲಿಂದ ಬರಬೇಕು! ಉದ್ದವಾಯಿತೆಂದು ಆ ಬೆನ್ನಟ್ಟುವ ಭಾಗವನ್ನೇ ಕತ್ತರಿಸಿದ್ದರು. ಆಮೇಲೆ ತಿಂಗಳುಗಟ್ಟಲೆ ಎಕ್ಸ್‌ಚೇಂಜಿನಲ್ಲಿ ಯಾರಾದರೂ ಲೈನು ಸಿಗುತ್ತಿಲ್ಲ ಎಂದರೆ, ‘ಕತ್ತರಿಸಿಬಿಟ್ಟಿದ್ದಾರೆ, ಅವಳನ್ನ ಕೇಳಿ’ ಎಂದು ಅಮ್ಮನ ಕಡೆ ಕೈ ತೋರಿಸುತ್ತಿದ್ದರು. ಮದುವೆಯಾದ ಮೇಲೆ ಆ ಕೆಲಸವನ್ನು ಅಪ್ಪ ವಹಿಸಿಕೊಂಡರು. ಯಾರಾದರೂ ನಂಬಲಾಗದ್ದನ್ನು ಹೇಳಿದರೆ, ‘ಇದೂ ನಿಮ್ಮಮ್ಮನ ಸೀನೇ’ ಎನ್ನುತ್ತಿದ್ದರು. ತೀರಿಕೊಳ್ಳುವವರೆಗೂ ಎಂದರು.

ದವಡೆ ಗೂಬೆಯ ಹಿಂದೆ ಬಿದ್ದದ್ದೇ ಅಮ್ಮನನ್ನು ಹುಡುಕಿಕೊಂಡು. ಹುಡುಗನಾಗಿದ್ದಾಗ ಆ ಸಿನಿಮಾವನ್ನು ಹಿಂದೆ ಮುಂದೆ ಓಡಿಸಿ, ನಿಲ್ಲಿಸಿ ನಿಲ್ಲಿಸಿ ನೋಡಿದ್ದ. ಗುಂಪಿನಲ್ಲಿದ್ದ ಹೆಂಗಸರ ಮುಖಗಳೆಲ್ಲ ಪರಿಚಯವಾದವು, ಅಮ್ಮ ಸಿಗಲಿಲ್ಲ. ಸಿಕ್ಕಿದ್ದು ಮೂರನೇ ಗೂಬೆಯ ದನಿ. ಅಮ್ಮನನ್ನು ನಂಬುತ್ತೇನೆಯೇ ಎಂದು ತನ್ನನ್ನು ತಾನು ಕೇಳಿಕೊಂಡರೆ ಅವನಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಅಮ್ಮ ಕಥೆ ಶುರು ಮಾಡಿದರೆ, ‘ಗೊತ್ತಮ್ಮ, ಗೊತ್ತು’ ಎಂದು ಎದ್ದುಹೋಗುವ ಅಭ್ಯಾಸವಂತೂ ಇತ್ತು.

ಈ ವರ್ಷ ಚಿತ್ರಸಂಘದ ಫಲಕದಲ್ಲಿ ಒಂದು ಪ್ರಕಟಣೆ ಕಾಣಿಸಿತು. ‘ಗೂಬೆ ದಾರಿ ತಪ್ಪಿತು’ ಸಿನಿಮಾದ ಮೂಲ ಪ್ರತಿ ಎಲ್ಲೋ ಸಿಕ್ಕಿದೆ, ತೊಳೆದು ಒಪ್ಪ ಮಾಡಿದ್ದಾರೆ, ಮಾರುಕಟ್ಟೆಯ ಭಾಗವೂ ಪೂರ್ತಿ ಇದೆ. ಆದರೆ ಹಾಲುಗಳಲ್ಲಿ ತೋರಿಸಲು ಮಾತ್ರ, ಮನೆಗೆ ಸಿಗುವುದಿಲ್ಲ. ದವಡೆ ಅದನ್ನು ಓದಿ, ಕೈಗಂಟಿದ್ದ ಪ್ಲಾಸ್ಟರು ಕೆರೆದುಕೊಂಡು, ಇನ್ನೊಮ್ಮೆ ಓದಿ ಮನೆಗೆ ಬಂದ.

ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ರೇಡಿಯೋ ರಿಪೇರಿ ಮಾಡುತ್ತಿದ್ದಳು, ಅಂದರೆ ಅದರ ನೆತ್ತಿಗೆ ಬಡಿಯುತ್ತಿದ್ದಳು.

“ಅಮ್ಮ, ನಿನ್ನ ಸಿನಿಮಾ ಪೂರ್ತಿ ಸಿಕ್ಕಿದೆಯಂತೆ.”

“ಯಾವ ಸಿನಿಮಾ?” ಬಡಿಯುವ ಕೈ ಮಾತ್ರ ನಿಂತಿತು.

“ಗೂಬೇದು. ಮಾರ್ಕೆಟ್ ಸೀನೂ ಇದೆಯಂತೆ.”

“ಇದ್ರೆ ಇರ್ಲಿ. ಎಂಬತ್ತು ದಾಟಿದೆ ನನಗೆ, ಈಗ ಏನು ಹೀರೋಯಿನ್ ಆಗಬೇಕಾ?”

“ಹಾಲಲ್ಲಿ ತೋರಿಸ್ತಾರೆ. ಕರ್ಕೊಂಡು ಹೋಗ್ತೀನಿ.”

“ನಾನು ಬರಲ್ಲಪ್ಪ. ಒಂದ್ಸಲ ಹೋಗಿ ಮೂಗು ಕುಯ್ಸಿಕೊಂಡು ಬಂದಿದ್ದು ಸಾಲ್ದಾ?” ಅಮ್ಮ ರೇಡಿಯೋಗೆ ಇನ್ನೊಂದು ಏಟು ಕೊಟ್ಟಳು. ಅದು ಕೆಮ್ಮಿ ಸುಮ್ಮನಾಯಿತು. “ಯಾವತ್ತು?”

“ಇನ್ನೂ ಗೊತ್ತಿಲ್ಲ.”

“ಗೊತ್ತಿಲ್ದೆ ಯಾಕೆ ಬಂದು ಹೇಳ್ತೀಯ? ನಿಮ್ಮಪ್ಪನ ಥರ.” ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದಳು, “ಹಾಲು ಮಹಡಿ ಮೇಲಿದೆಯಾ? ಮೆಟ್ಟಿಲಿಗೆ ಕಂಬಿ ಇದೆಯಾ ಕೇಳ್ಕೊಂಡು ಬಾ.”

ಅಲ್ಲಿಗೆ ದವಡೆ ಸಿಕ್ಕಿಬಿದ್ದ. ಹದಿನಾರನೆಯ ಕ್ಲಿಪ್ಪಿನಲ್ಲಿದ್ದದ್ದನ್ನು ಕಿಟಕಿಯವರೆಗೆ ಒಯ್ಯಬೇಕು, ಯಾಕೆಂದು ಹೇಳದೆ. ಹೇಳಿದರೆ ಅದು ಮನೆಕಥೆ. ಸಿನಿಮಾ ಬಚ್ಚಲ ಬಾಗಿಲಲ್ಲೇ ಉಳಿಯುತ್ತದೆ. ಹೇಳದಿದ್ದರೆ, ಆ ದರಿದ್ರ ಸಿನಿಮಾದ ಪರವಾಗಿ ಬಾಯಿಬಿಡಲು ಬೇರೆ ಒಂದು ಕಾರಣವನ್ನಾದರೂ ಹುಟ್ಟಿಸಬೇಕು.

ಭಾನುವಾರ ಬಂತು. ಬಾಯ್ಲರು ಆರಿಸಿದ್ದರೂ ಕೋಣೆಯಲ್ಲಿ ಬಿಸಿ ಸೋಪಿನ ವಾಸನೆ ಇತ್ತು. ಇಸ್ತ್ರಿ ಮೇಜಿನ ಮೇಲೆ ನಾಲ್ಕು ಲೋಟ ಚಹಾ, ಒಂದು ತಟ್ಟೆ ಬಿಸ್ಕತ್ತು. ಅಕ್ಕ, ಕ್ಲಚ್ಚು, ಮೇಷ್ಟ್ರು ತಮ್ಮ ತಮ್ಮ ಸರದಿ ಮುಗಿಸಿದ್ದರು, ಹೆಚ್ಚೇನೂ ಬದಲಾಗಿರಲಿಲ್ಲ. ದವಡೆ ಎದ್ದು ನೇರ ಬಚ್ಚಲ ಕಡೆ ನಡೆದ.

“ಬಾಗಿಲು ಹಾಕ್ಕೋ,” ಎಂದಳು ಅಕ್ಕ.

“ಬಚ್ಚಲಿಗಲ್ಲಕ್ಕ.” ದವಡೆ ಕೊನೆಯ ಚೀಟಿಯನ್ನು ಕ್ಲಿಪ್ಪಿನಿಂದ ಬಿಡಿಸಿದ. “ಇದನ್ನ ಎತ್ತುತ್ತೀನಿ.”

ಕ್ಲಚ್ಚು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ್ದವನು ಅದು ಮುರಿದು ಬೀಳುವವರೆಗೂ ಹಾಗೇ ಕೂತ. “ಲೋ, ಹುಷಾರಾಗಿದ್ದೀಯಾ?”

ಹದಿನೈದನೆಯದು ‘ಸಮುದ್ರದ ಗೂಬೆ’. ಅದನ್ನು ಹಿಂದಿಕ್ಕುವುದು ಕಷ್ಟವಾಗಲಿಲ್ಲ. ಅದರಲ್ಲಿ ತೋರಿಸುವ ಭೂಪಟದಲ್ಲಿ ನದಿ ಸಮುದ್ರದಿಂದ ಹುಟ್ಟಿ ಬೆಟ್ಟ ಹತ್ತುತ್ತದೆ ಎಂದು ಮೇಷ್ಟ್ರೇ ಕೈ ಎತ್ತಿದರು. ಮುಂದಿನ ಮೂರು ಚೀಟಿಗಳು ನಾಲ್ಕನೇ ಗೂಬೆಯವು. ಆ ನಟ ಪ್ರತಿ ಮಾತಿಗೂ ಮುನ್ನ ಹಲ್ಲು ಕಚ್ಚಿ ಉಸಿರೆಳೆಯುತ್ತಿದ್ದ. ದವಡೆ ವಾದ ಮಾಡುವ ಬದಲು ನಾಲ್ಕನೇ ಗೂಬೆ ಲಾಂಡ್ರಿಗೆ ಬಂದು ರಸೀತಿ ಕಳೆದುಕೊಂಡು ಅಂಗಿ ಕೇಳುವುದನ್ನು ಮಾಡಿ ತೋರಿಸಿದ. ಅಕ್ಕ ನಕ್ಕು ನಕ್ಕು ಮೇಜಿಗೆ ಒರಗಿದಳು. ಮೂರೂ ಉದುರಿದವು.

“ಇದು ವಾದ ಅಲ್ಲ, ಮಂಗಾಟ,” ಎಂದರು ಮೇಷ್ಟ್ರು.

“ನಿಯಮದಲ್ಲಿ ಮಂಗಾಟ ಬೇಡ ಅಂತ ಇಲ್ವಲ್ಲ ಮೇಷ್ಟ್ರೇ.”

“ಗೂಬೆ ಹೆಸರಲ್ಲಿ ಸಂಘ ಕಟ್ಟಿದ ಮೇಲೆ ಮಂಗಗಳು ಬರಲ್ಲ ಅಂದ್ಕೊಂಡಿದ್ದೆ.”

ನಡುವಿನ ಚೀಟಿಗಳು ಬಂದಾಗ ನಗು ಸಾಲದಾಯಿತು. ದವಡೆ ಕ್ಲಚ್ಚಿನ ಕಡೆ ತಿರುಗಿದ. “ನೀನೇ ಹೇಳು. ಹದಿನಾರು ಸಿನಿಮಾದಲ್ಲಿ ಎಷ್ಟು ಕಾರು ಓಡಿಸಿದ್ದಾನೆ ಇವನು? ಒಂದ್ಸಲನಾದ್ರೂ ಗಾಡಿ ಆಫ್ ಆಗಿದೆಯಾ?”

“ಇಲ್ಲ. ಅದೇ ನನಗೂ ಹೊಟ್ಟೆ ಉರಿ.”

“ಇದರಲ್ಲಿ ಆಗುತ್ತೆ. ಏರಲ್ಲಿ. ಹಿಂದೆ ಶತ್ರುಗಳು ಬರ್ತಿದ್ದಾರೆ, ಇವನು ಕ್ಲಚ್ಚು ಬೇಗ ಬಿಟ್ಟುಬಿಡ್ತಾನೆ. ಗಾಡಿ ಒದರಿ ನಿಂತುಹೋಗುತ್ತೆ. ಆಗ ಅವನ ಮುಖ ನೆನಪಿಸ್ಕೋ. ದಿನಾ ನಿನ್ನ ಪಕ್ಕ ಕೂರ್ತಾವಲ್ಲ ಹುಡುಗ ಹುಡುಗೀರು, ಅವರ ಮುಖಾನೇ ಅಲ್ವಾ?”

ಕ್ಲಚ್ಚು ಕಣ್ಣು ಮುಚ್ಚಿಕೊಂಡ. ಅವನ ಎಡಗಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ಏನನ್ನೋ ಒತ್ತಿತು. “ಹೌದು ಕಣೋ. ಪಾಪ,” ಎಂದು ಕೈ ಎತ್ತಿದ. ಆಮೇಲೆ ಅವನು ಆ ಕೈಯನ್ನು ಹೆಚ್ಚಾಗಿ ಇಳಿಸಲೇ ಇಲ್ಲ.

ಅಕ್ಕನಿಗೆ ಕಲೆಯ ಮಾತು ತೆಗೆದ. ಚಿತ್ರಕಲೆಯಲ್ಲ, ಕಾಫಿಯ ಕಲೆ. “ಶುರುವಲ್ಲಿ ಎಡತೋಳಿನ ಮೇಲೆ ಕಾಫಿ ಚೆಲ್ಲಿಸ್ಕೊಳ್ತಾನೆ. ಕೊನೇಲಿ ವಿಲನ್ ಕತ್ತಿನಪಟ್ಟಿ ಹಿಡಿದಾಗ ನೋಡಕ್ಕ, ಆ ಕಲೆ ಅಲ್ಲೇ ಇದೆ.”

“ಮಾಸಿದೆಯಾ?”

“ಸ್ವಲ್ಪ.”

“ಅಂಚು?”

“ಅಂಚು ಕಪ್ಪಗೇ ಇದೆ, ನಡುವೆ ಮಾಸಿದೆ.”

“ತೊಳೀದೆ ಬಿಟ್ಟ ಕಾಫಿ ಹಂಗೇ ಇರೋದು,” ಎಂದಳು ಅಕ್ಕ, ಬಹಳ ದಿನದ ಮೇಲೆ ಪ್ರಾಮಾಣಿಕನೊಬ್ಬನ ಸುದ್ದಿ ಕೇಳಿದಂತೆ. “ಅಲ್ಲಿ ಯಾರೋ ಕೆಲಸ ಗೊತ್ತಿರೋರು ಇದ್ದರು.”

ಹೀಗೆ ಚೀಟಿ ಒಂದೊಂದೇ ಕ್ಲಿಪ್ಪು ದಾಟಿತು. ವಿಚಿತ್ರವೆಂದರೆ, ಕಿಟಕಿ ಹತ್ತಿರವಾದಷ್ಟೂ ದವಡೆಗೇ ತನ್ನ ಮಾತಿನ ಮೇಲೆ ನಂಬಿಕೆ ಬರತೊಡಗಿತು. ಕಾರು ನಿಂತುಹೋಗುವುದು, ಕಲೆ ಉಳಿಯುವುದು ಎರಡೂ ನಿಜವಾಗಿ ಸಿನಿಮಾದಲ್ಲಿ ಇದ್ದವು. ಇಷ್ಟು ವರ್ಷ ಅಮ್ಮನನ್ನು ಹುಡುಕುವ ಭರದಲ್ಲಿ ಅವನು ಅವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊನೆಗೆ ಉಳಿದದ್ದು ಒಂದೇ ಚೀಟಿ. ಸರಣಿಯ ಮೊದಲ ಸಿನಿಮಾ, ‘ಗೂಬೆಗೆ ಹಗಲಿಲ್ಲ’. ಮೇಷ್ಟ್ರ ಪ್ರಾಣ. ಮೇಷ್ಟ್ರು ಲೋಟ ಕೆಳಗಿಟ್ಟು, ತರಗತಿಯ ಕೊನೆಯ ಬೆಂಚನ್ನು ನೋಡುವ ಹಾಗೆ ದವಡೆಯನ್ನು ನೋಡಿದರು.

“ಇಷ್ಟು ವರ್ಷ ಈ ಸಿನಿಮಾದ ಬಗ್ಗೆ ಬಾಯಿ ಬಿಟ್ಟವನಲ್ಲ ನೀನು. ಇವತ್ತು ಮೂವತ್ತೆರಡೂ ತೋರಿಸ್ತಿದ್ದೀಯ. ಕೇಳೋ ಹಕ್ಕು ನನಗಿದೆ, ಕೇಳ್ತೀನಿ. ಮನೆಯೋ, ಸಿನಿಮಾನೋ?”

ಈ ಪ್ರಶ್ನೆಗೆ ಸುಳ್ಳು ಹೇಳಬಾರದೆಂದು ಯಾರೂ ನಿಯಮ ಮಾಡಿರಲಿಲ್ಲ. ಸುಳ್ಳು ಹೇಳುವವರು ಇಲ್ಲಿಗೆ ಬರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ. ಅಮ್ಮ ಬೆಳಗ್ಗೆಯೇ ಮೆಟ್ಟಿಲಿನ ಕಂಬಿಯ ಬಗ್ಗೆ ಮೂರನೆಯ ಸಲ ವಿಚಾರಿಸಿದ್ದಳು.

“ಸಿನಿಮಾನೇ, ಮೇಷ್ಟ್ರೇ.”

ಮಾತು ಹೊರಬಂದದ್ದು ಮೂರನೇ ಗೂಬೆಯ ದನಿಯಲ್ಲಿ. ದವಡೆ ಬೇಕೆಂದು ಮಾಡಿದ್ದಲ್ಲ. ತನ್ನ ಸ್ವಂತ ದನಿ ಆ ಹೊತ್ತಿಗೆ ಕೈಗೆ ಸಿಗಲಿಲ್ಲ. ಮೇಲ್ದುಟಿ ಅಲ್ಲಾಡಲಿಲ್ಲ, ಮಾತು ಮೂಗಿನ ಪಕ್ಕದಿಂದ ನುಸುಳಿತು. ಕ್ಲಚ್ಚು ಕಿಸಕ್ಕನೆ ನಕ್ಕ. ಮೇಷ್ಟ್ರೂ ಬೇಡ ಬೇಡವೆಂದರೂ ನಕ್ಕರು. ನಕ್ಕ ಮೇಲೆ ಪ್ರಶ್ನೆಯನ್ನು ಮತ್ತೆ ಕೇಳುವುದು ಅವರ ಘನತೆಗೆ ಒಗ್ಗಲಿಲ್ಲ.

“ಸರಿ, ವಾದ ಹೇಳು.”

“ಮೊದಲನೇ ಗೂಬೆ ಯಾವತ್ತೂ ತಪ್ಪು ಮಾಡಲ್ಲ. ಅವನಿಗೆ ಅಭಿಮಾನಿಗಳು ಬೇಕಾಗಿಲ್ಲ, ಊರೆಲ್ಲ ಇದೆ. ಇವನಿಗೆ ನಾವು ನಾಲ್ಕು ಜನ ಬಿಟ್ರೆ ಯಾರಿದ್ದಾರೆ? ಎಲ್ಲರೂ ಇವನ ಮೇಲೇ ಗೂಬೆ ಕೂರಿಸಿದ್ದಾರೆ.”

ಕ್ಲಚ್ಚಿನ ಕೈ ಮೊದಲೇ ಮೇಲಿತ್ತು. ಅಕ್ಕ ಕೂಡಲೇ ಎತ್ತಲಿಲ್ಲ. ದವಡೆ ಚೀಟಿ ಹಿಡಿದಿದ್ದ ಕೈಯನ್ನು ನೋಡಿದಳು; ಬೆವರಿಗೆ ಹಳದಿ ಬಣ್ಣ ಬೆರಳಿಗೆ ಹತ್ತಿತ್ತು. ಬಣ್ಣ ಬಿಡುವ ಬಟ್ಟೆಗಳ ಬಗ್ಗೆ ಆಕೆಗೆ ಅನುಭವವಿತ್ತು. ಆದರೂ ಕೈ ಎತ್ತಿದಳು. ಮೇಷ್ಟ್ರು ಎದ್ದುಹೋಗಿ ತಮ್ಮ ಸಿನಿಮಾವನ್ನು ತಾವೇ ಇಳಿಸಿ, ಪಕ್ಕದ ಕ್ಲಿಪ್ಪಿಗೆ ಹಾಕಿ, ಅದರ ಮೂಲೆ ನೆಟ್ಟಗೆ ಮಾಡಿದರು.

ಪ್ರದರ್ಶನದ ಮಧ್ಯಾಹ್ನ ಅಮ್ಮ ಊಟ ಬೇಗ ಮುಗಿಸಿ, ಕೋಟು ಹಾಕಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಬರುವುದಿಲ್ಲ ಎಂಬ ಮಾತನ್ನು ಬಸ್ಸು ಹತ್ತುವವರೆಗೂ ಬಿಡಲಿಲ್ಲ. ಗ್ರಂಥಾಲಯದ ಮೆಟ್ಟಿಲಿಗೆ ಕಂಬಿ ಇತ್ತು. ಅಮ್ಮ ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಕೋಟಿನ ಅಂಚನ್ನೂ ಹಿಡಿದು ಹತ್ತಿದಳು. ಅಕ್ಕ ಹಿಂದಿನಿಂದ ಬಂದು ಮೊಣಕೈಗೆ ಆಸರೆಯಾದಳು.

“ನಮ್ಮ ತಾಯಿ,” ಎಂದು ದವಡೆ ಮೇಷ್ಟ್ರಿಗೆ ಪರಿಚಯಿಸಿದ. “ಮನೇಲಿ ಬೇಜಾರು ಅಂತಿದ್ರು, ಕರ್ಕೊಂಡು ಬಂದೆ.”

“ಬನ್ನಿ ತಾಯಿ, ಬನ್ನಿ. ಸಿನಿಮಾ ಅಷ್ಟೇನೂ ಚೆನ್ನಾಗಿಲ್ಲ, ನಿಮ್ಮ ಮಗನೇ ಹಟ ಹಿಡಿದ.”

“ಅವನು ಹಂಗೇ,” ಎಂದಳು ಅಮ್ಮ. ದವಡೆ ಮೊದಲೇ ಹೇಳಿಕೊಟ್ಟಿದ್ದರಿಂದ ಅಷ್ಟಕ್ಕೇ ನಿಲ್ಲಿಸಿದಳು. ನಿಲ್ಲಿಸುವುದು ಎಷ್ಟು ಕಷ್ಟವಾಯಿತು ಎಂಬುದು ಮೂಗಿನ ಹೊಳ್ಳೆಗಳಲ್ಲಿ ಕಂಡಿತು.

ಹಾಲಿನಲ್ಲಿ ನಲವತ್ತು ಕುರ್ಚಿ, ಐದು ತುಂಬಿದವು. ದೀಪ ಆರಿತು. ಮೂರನೇ ಗೂಬೆ ಕಾಫಿ ಚೆಲ್ಲಿಸಿಕೊಂಡ, ಅಕ್ಕ ಮೆಲ್ಲಗೆ ‘ಹ್ಞಾಂ’ ಎಂದಳು. ಏರಿನಲ್ಲಿ ಗಾಡಿ ನಿಂತುಹೋಯಿತು, ಕ್ಲಚ್ಚು ಕತ್ತಲಲ್ಲೇ ನಿಟ್ಟುಸಿರುಬಿಟ್ಟ. ದವಡೆಗೆ ಎಲ್ಲವೂ ಬಾಯಿಪಾಠ. ಹೋಟೆಲಿನ ಮೆಟ್ಟಿಲು, ಹಿಂಬಾಗಿಲು, ಓಣಿ. ಹಳೆಯ ಪ್ರತಿಯಲ್ಲಿ ಇಲ್ಲಿಂದ ನೇರ ರೈಲ್ವೆ ನಿಲ್ದಾಣಕ್ಕೆ ಹಾರುತ್ತಿತ್ತು. ಈ ಸಲ ಹಾರಲಿಲ್ಲ. ಓಣಿ ತೆರೆದುಕೊಂಡು ಮಾರುಕಟ್ಟೆಯ ರಸ್ತೆ ಬಂತು. ತರಕಾರಿಯ ಪೆಟ್ಟಿಗೆಗಳು, ಸೈಕಲ್ಲುಗಳು, ಓಡುವ ಕಾಲುಗಳು, ದೂರದಲ್ಲೊಂದು ಹಗ್ಗ.

ಅಲ್ಲಿಯವರೆಗೆ ತಾನು ಬಯಸುತ್ತಿದ್ದುದು ಅಮ್ಮನನ್ನು ಪರದೆಯ ಮೇಲೆ ನೋಡಬೇಕೆಂದೇ ಎಂದು ದವಡೆ ತಿಳಿದಿದ್ದ. ಹಗ್ಗ ಕಂಡ ಕ್ಷಣ ಬೇರೊಂದು ಪ್ರಶ್ನೆ ಎದ್ದಿತು. ಒಂದು ವೇಳೆ ಇಲ್ಲದಿದ್ದರೆ? ಹಗ್ಗದ ಕೆಳಗೆ ಯಾರೂ ಬರದಿದ್ದರೆ, ಅಥವಾ ಬೇರೆ ಯಾರೋ ಬಂದರೆ, ಅಮ್ಮ ಈ ವಯಸ್ಸಿನಲ್ಲಿ ಇನ್ನೊಮ್ಮೆ ತಲೆ ತಗ್ಗಿಸಿಕೊಂಡು ಮೆಟ್ಟಿಲು ಇಳಿಯಬೇಕು, ಈ ಸಲ ಮಗನ ಕೈ ಹಿಡಿದು. ಹಾಗಾದರೆ ತಾನು ಏನು ಹೇಳಬೇಕು, ಯಾವ ದನಿಯಲ್ಲಿ? ಇದ್ದಾಳೋ ಇಲ್ಲವೋ ಎಂಬುದನ್ನು ಅಮ್ಮನ ಮುಖವೇ ಮೊದಲು ಹೇಳುತ್ತದೆ ಎಂದುಕೊಂಡು ದವಡೆ ಪಕ್ಕಕ್ಕೆ ತಿರುಗಿದ.

ಪರದೆಯ ಬೆಳಕು ಅಮ್ಮನ ಮುಖದ ಮೇಲೆ ಓಡುತ್ತಿತ್ತು. ಮೊದಲು ಹುಬ್ಬು ಏರಿತು. ಆಮೇಲೆ ತುಟಿಗಳು ಅಲ್ಲಾಡಿದವು. ದನಿಯಿಲ್ಲದೆ, ಸಲೀಸಾಗಿ, ನಾಲ್ಕೇ ಮಾತು. ಆಮೇಲೆ ಆಕೆ ಕುರ್ಚಿಗೆ ಬೆನ್ನು ಕೊಟ್ಟು ಕೂತಳು. ದವಡೆ ಥಟ್ಟನೆ ಪರದೆಯ ಕಡೆ ತಿರುಗಿದ. ಮೂರನೇ ಗೂಬೆ ತರಕಾರಿ ಪೆಟ್ಟಿಗೆಗಳ ಮೇಲೆ ಹಾರುತ್ತಿದ್ದ. ಹಗ್ಗ ಹಿಂದೆ ಉಳಿದಿತ್ತು.

ಉಳಿದ ಸಿನಿಮಾವನ್ನು ಅವನು ನೋಡಿದ, ಆದರೆ ಏನು ನೋಡಿದ ಎಂದು ಕೇಳಿದರೆ ಹೇಳಲಾರ.

ದೀಪ ಹತ್ತಿತು. ಎಲ್ಲರಿಗಿಂತ ಮೊದಲು ಎದ್ದು ಬಂದವಳು ಅಕ್ಕ. “ಅಮ್ಮಾ, ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡಿ. ಹಗ್ಗದ ಕೆಳಗೆ ನುಗ್ಗಿ ಬಂದು ಆ ಗೂಬೆಗೆ ಬೈತಾಳಲ್ಲ, ಕಂದು ಕೋಟಿನ ಹುಡುಗಿ, ಅದು ನೀವಾ?”

ಅಮ್ಮ ಮಗನ ಕಡೆ ನೋಡಲಿಲ್ಲ. “ನಿಮಗೆ ಹೆಂಗೆ ಗೊತ್ತಾಯ್ತು?”

“ಕೋಟಿನ ಅಂಚನ್ನ ಎಡಗೈಲಿ ಹಿಂಗೆ ಸುರುಳಿ ಸುತ್ತಿ ಹಿಡ್ಕೊಂಡಿದ್ದಳು. ನೀವು ಈಗ ಮೆಟ್ಟಿಲು ಹತ್ತೋವಾಗ ಹಂಗೇ ಹಿಡ್ಕೊಂಡಿದ್ರಿ. ಅಲ್ಲಿ ಎಷ್ಟು ಸುಕ್ಕು ಬಿದ್ದಿದೆ ನೋಡಿ.”

“ಮತ್ತಿನ್ಯಾರು? ನಾನೇ,” ಎಂದಳು ಅಮ್ಮ. ಮೊದಲ ಸಲ ಕೇಳಿದವರಿಗೆ ಅದು ತೀರ ಸಾಮಾನ್ಯ ಮಾತಿನಂತೆ ಕೇಳಿಸಿರಬೇಕು.

ಕ್ಲಚ್ಚು ಎರಡು ಸಾಲು ಕುರ್ಚಿ ದಾಟಿ ಬಂದ. ಮೇಷ್ಟ್ರು ಸುತ್ತಿ ಬಂದರು. ಅವರ ಮುಖದಲ್ಲಿ ಎರಡು ಭಾವಗಳು ಒಟ್ಟಿಗೆ ಹೊರಡಲು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡಿದ್ದವು.

“ಮನೆಕಥೆ!” ಎಂದರು ದವಡೆಗೆ ಬೆರಳು ತೋರಿಸಿ. “ನನ್ನ ಮುಖ ನೋಡಿ ಸುಳ್ಳು ಹೇಳಿದೆ. ಹದಿನಾರನೇ ಕ್ಲಿಪ್ಪು, ಮುಂದಿನ ವರ್ಷ ಸರದಿ ಇಲ್ಲ.” ಆಮೇಲೆ ಅಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು, “ತಾಯಿ, ಮೂರನೇ ಗೂಬೆ ನಿಜವಾಗಿ ಎಷ್ಟು ಎತ್ತರ ಇದ್ದ?”

“ನನ್ನ ಕಿವಿವರೆಗೆ ಬರ್ತಿದ್ದ.”

“ನಾನು ಹೇಳಿದ್ದೆ!” ಮೇಷ್ಟ್ರು ಕ್ಲಚ್ಚಿನ ಬೆನ್ನಿಗೆ ಗುದ್ದಿದರು. “ಹೇಳಿದ್ದೆ ತಾನೇ? ಅವನನ್ನ ಪೆಟ್ಟಿಗೆ ಮೇಲೆ ನಿಲ್ಲಿಸಿ ತೆಗಿತಿದ್ರು ಅಂತ!”

“ಏನಂತ ಬೈದ್ರಿ ಅಮ್ಮ? ಅಲ್ಲಿ ಬರೀ ಮ್ಯೂಸಿಕ್ಕು, ಏನೂ ಕೇಳಿಸಲಿಲ್ಲ,” ಎಂದ ಕ್ಲಚ್ಚು.

“ಅದೇನು ಕ್ಲಿಪ್ಪು ಅಂತಿದ್ದಾರಲ್ಲ, ಅದನ್ನ ಮೊದಲು ಹೇಳಿ,” ಎಂದಳು ಅಮ್ಮ. ವಿವರಿಸಿದರು. ಆಕೆ ಪೂರ್ತಿ ಕೇಳಿಸಿಕೊಂಡಳು. “ಮೇಷ್ಟ್ರು ಹೇಳಿದ್ದೇ ಸರಿ. ಕೆಟ್ಟ ಸಿನಿಮಾ. ನಾನು ಹೋದ ಮೇಲಂತೂ ನಿದ್ದೆ ಬಂತು. ಕೆಳಗೇ ಇಡಿ.”

ಅವರು ಅಮ್ಮನನ್ನು ನಡುವೆ ಕೂರಿಸಿಕೊಂಡು ಮಾತಾಡುತ್ತಿದ್ದಾಗ ದವಡೆ ಮೆಲ್ಲಗೆ ಹಿಂದಿನ ಆಪರೇಟರ್ ಕೋಣೆಗೆ ಹೋದ. ಆಪರೇಟರ್ ಮಷೀನಿಗೆ ಹೊದಿಕೆ ಹಾಕುತ್ತಿದ್ದ. ಮಾರುಕಟ್ಟೆಯ ಭಾಗ ಒಂದು ನಿಮಿಷ ಮತ್ತೆ ಹಾಕಲು ಆಗುತ್ತದೆಯೇ ಎಂದು ಕೇಳಿದ.

“ಒಂದೇ ಆಟಕ್ಕೆ ಕೊಟ್ಟಿರೋದು ಸಾರ್. ಮುಗಿದ ತಕ್ಷಣ ಲಾಕ್ ಆಗುತ್ತೆ. ಮುಂದಿನ ವರ್ಷ ಇದನ್ನೇ ಕೇಳಿ, ತರಿಸೋಣ.”

ದವಡೆ ಆಯಿತು ಎಂದು ತಲೆಯಾಡಿಸಿ ಬಂದ.

ವಾಪಸಾಗುವಾಗ ಬಸ್ಸು ಖಾಲಿಯಿತ್ತು. ಅಮ್ಮ ಕಿಟಕಿಯ ಪಕ್ಕ ಕೂತು ಕೋಟನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಒಂದು ಸ್ಟಾಪು ಕಳೆಯಿತು.

“ನಿಮ್ಮಪ್ಪ ಇದ್ದಿದ್ರೆ ಅದು ನಾನಲ್ಲ ಅಂತಿದ್ರು.”

“ಅಂತಿದ್ರು.”

“ಹೆಂಗಿದ್ದೆ?”

ಚೆನ್ನಾಗಿದ್ದೆ ಎಂದರೆ ಮುಗಿಯುತ್ತಿತ್ತು. ನಾಲ್ಕು ಗೂಬೆಗಳಲ್ಲಿ ಯಾರ ದನಿಯಲ್ಲಿ ಬೇಕಾದರೂ ಹೇಳಬಹುದಿತ್ತು. “ನಾನು ನೋಡಲಿಲ್ಲಮ್ಮ,” ಎಂದ ದವಡೆ. “ಆಗ ನಿನ್ನ ಮುಖ ನೋಡ್ತಿದ್ದೆ. ತಿರುಗೋ ಹೊತ್ತಿಗೆ ಮುಗಿದುಹೋಗಿತ್ತು.”

ಅಮ್ಮ ಅವನನ್ನು ದಿಟ್ಟಿಸಿದಳು. “ಮಾರ್ಕೆಟ್ಟು ಬಂದಾಗ?”

“ಹ್ಞೂಂ.”

“ಹಗ್ಗ ಬಂದಾಗ?”

“ಹಗ್ಗದವರೆಗೂ ನೋಡಿದೆ.”

“ಹುಡುಗನಾಗಿದ್ದಾಗಿಂದ ಅದೇ ಸಿನಿಮಾ ತಿರುಗಿಸಿ ತಿರುಗಿಸಿ ನೋಡಿದವನು, ನಾನು ಬಂದಾಗ ನೋಡಲಿಲ್ಲ!” ಅಮ್ಮ ಮುಂದಿನ ಸೀಟಿನ ಕಂಬಿಗೆ ಎರಡು ಸಲ ಬಡಿದಳು. ಡ್ರೈವರು ಕನ್ನಡಿಯಲ್ಲಿ ನೋಡಿದ. “ನಿಮ್ಮಪ್ಪನೇ ವಾಸಿ ಕಣೋ. ನಂಬಲ್ಲ ಅಂತ ಮುಖಕ್ಕೇ ಹೇಳ್ತಿದ್ರು. ನೀನು ಹೇಳ್ತಾನೂ ಇರ್ಲಿಲ್ಲ, ನಂಬ್ತಾನೂ ಇರ್ಲಿಲ್ಲ.”

ಬಸ್ಸು ಸಿಗ್ನಲ್ಲಿನಲ್ಲಿ ನಿಂತು, ಮುಂದೆ ಹೊರಟಿತು.

“ಹೇಳಮ್ಮ,” ಎಂದ ದವಡೆ. “ಏನಾಯ್ತು ಅವತ್ತು?”

“ನಿನಗೆ ಗೊತ್ತಲ್ಲ.”

“ಪೂರ್ತಿ ಗೊತ್ತಿಲ್ಲ. ಹೇಳು.”

ಇಷ್ಟು ವರ್ಷದಲ್ಲಿ ಯಾರೂ ಅಮ್ಮನನ್ನು ಹೀಗೆ ಕೇಳಿರಲಿಲ್ಲ. ಆಕೆ ಗಂಟಲು ಸರಿಮಾಡಿಕೊಂಡಳು, ಕೋಟು ಸರಿಮಾಡಿಕೊಂಡಳು. “ಮೊದಲು ಒಂದು ತಿದ್ದುಪಡಿ. ಕೋಟು ಹಸಿರು ಅಂತಿದ್ದೆ ಇಷ್ಟು ದಿನ. ಇವತ್ತು ನೋಡಿದ್ರೆ ಕಂದು. ಹಸಿರು ಕೋಟು ನನ್ನ ಗೆಳತೀದು, ನಾನು ಕೇಳಿದ್ರೂ ಕೊಟ್ಟಿರಲಿಲ್ಲ ಅವಳು. ಅದು ನನ್ನ ತಪ್ಪು, ಒಪ್ಕೊಳ್ತೀನಿ. ಉಳಿದಿದ್ದೆಲ್ಲ ಹಂಗೇ ಇದೆ. ಈಗ ಕೇಳು. ಅವತ್ತು ಬೆಳಗ್ಗೆ ನಮ್ಮನೇಲಿ ನೀರು ಬಂದಿರಲಿಲ್ಲ...”

ನೀರು ಬಂತು, ತಲೆ ಬಾಚಿದ್ದಾಯಿತು, ಗೆಳತಿಯ ಮನೆಯ ಬಾಗಿಲು ತಟ್ಟಿದ್ದಾಯಿತು, ಗೆಳತಿ ಯಾಕೆ ಕೋಟು ಕೊಡಲಿಲ್ಲ ಎಂಬುದರ ಹಿನ್ನೆಲೆಯೂ ಬಂತು. ದವಡೆ ಒಂದು ಕಡೆಯೂ ಗೊತ್ತು ಎನ್ನಲಿಲ್ಲ. ಅವರು ಇಳಿಯಬೇಕಾದ ಸ್ಟಾಪು ಬಂದು ಹೋಯಿತು. ಅಮ್ಮ ಇನ್ನೂ ಹಗ್ಗದ ಹತ್ತಿರಕ್ಕೂ ಬಂದಿರಲಿಲ್ಲ.